ಹೊಸ ಮನಿ ಖಾಲಿ ಬಿಡಬಾರದು

ಅಧ್ಯಕ್ಷರಾದ ವೆಂಕಣ್ಣನವರೇ, ಬಡವರ ಮನೆಗಳನ್ನು ಮಂಜೂರು ಮಾಡುವ ಅಧಿಕಾರಿಗಳೂ ಇಂದಿನ ಮುಖ್ಯ ಅತಿಥಿಗಳೂ ಆದ ಮಹನೀಯರೇ, ಗೋದಿಹುಗ್ಗಿಯ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಈ ಸಮುದಾಯ ಭವನದ ಉದ್ಘಾಟನೆಯ ದಿನವೇ ನನ್ನನ್ನು 'ವಸತಿ ಹೋರಾಟಗಾರ' ಎಂದು ಕರೆದು ಶಾಲು ಹೊದಿಸಿದ್ದೀರಿ. ಶಾಲನ್ನು ಮುಟ್ಟಿ ನೋಡಿದೆ. ದಪ್ಪಗಿದೆ, ಹೊದ್ದು ಮಲಗಲು ಯೋಗ್ಯವಾಗಿದೆ. ಬಹಳ ಸಂತೋಷವಾಯಿತು.

ನಾನು ಹೋರಾಟಗಾರನಾಗಿಯೇ ಹುಟ್ಟಿದೆನೇ? ಇಲ್ಲ. ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನವಲಗುಂದದಲ್ಲಿ ಹೀರಾಬಾಯಿಯವರ ಖೋಲಿಯಲ್ಲಿ ಒಬ್ಬನೇ ಬಾಡಿಗೆಗಿದ್ದೆ. ಅವರ ಮಗನ ಮದುವೆ ಗೊತ್ತಾಗಿ ಆ ಖೋಲಿ ಬೇಕಾಯಿತು. ಹೀರಾಬಾಯಿ ಅತ್ಯಂತ ಗೌರವದಿಂದ ಚಹಾ ಕೊಟ್ಟು ನನ್ನನ್ನು ಹೊರಗೆ ಕಳಿಸಿದರು. ಚಹಾ ಚೆನ್ನಾಗಿತ್ತು.

ಚೀಲ ಹಿಡಿದು ನಿಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಆಗ ದುಂಡವ್ವನವರು ಬಂದರು. ಅವರಿಗೆ ಸರಕಾರದ ಮನೆ ಸಿಕ್ಕಿತ್ತು, ಹಾಲು ಉಕ್ಕಿಸಿ ಆಗಿತ್ತು, ಅಷ್ಟರಲ್ಲಿ ಆಷಾಢ ಬಂದುಬಿಟ್ಟಿತು. ಸಾಮಾನು ಸಾಗಿಸುವಂತಿಲ್ಲ. "ಹೊಸ ಮನಿ ಖಾಲಿ ಬಿಡಬಾರದ್ರಿ ಮಾಸ್ತರ್ರ. ದೀಪ ಹಚ್ಚಿ ನೀವರ ಮಲಕೋರಿ," ಎಂದರು. ಪದ್ಧತಿಯನ್ನು ಮೀರಬಹುದೇ? ಮಲಗಿದೆ.

ಶ್ರಾವಣ ಬಂತು, ದುಂಡವ್ವನವರ ಸಾಮಾನೂ ಬಂತು. ಅಂದೇ ನನ್ನ ಕಣ್ಣಿಗೆ ಬಡವರ ಕಷ್ಟ ಕಾಣಿಸಿತು. ಬಾಜೂಕ್ಕೆ ಖಾದರಬಿಯವರ ಮನೆ ಚಾವಣಿಯಿಲ್ಲದೆ ನಿಂತಿತ್ತು. ಸರಕಾರದಿಂದ ಬರಬೇಕಾದ ಬಿಲ್ಲಿನ ಹಣ ಎಲ್ಲೋ ಸಿಕ್ಕಿಕೊಂಡಿತ್ತು. ಕಚೇರಿಗೆ ಅಲೆದೆ, ಅರ್ಜಿ ಬರೆದೆ, ಬಾಗಿಲಲ್ಲಿ ಕುಳಿತೆ. ಸ್ಲ್ಯಾಬ್ ಬಿತ್ತು. ಕೀಲಿ ಕೈಗೆ ಬಂದ ದಿನ ನಾನು ದೀಪದ ಮಾತು ತೆಗೆದೆ. "ನಮ್ಮೊಳಗ ಆ ಪದ್ಧತಿ ಇಲ್ರಿ ಮಾಸ್ತರ್ರ. ಇರ್ಲಿ, ನೀವು ಮಲಕೋರಿ," ಎಂದು ಖಾದರಬಿ ತಾವೇ ನೇಯ್ದ ಜಮಖಾನ ಕೊಟ್ಟರು. ಅದು ಇವತ್ತೂ ನನ್ನ ಜೊತೆಗಿದೆ. ಇಗೋ, ಕುರ್ಚಿಯ ಕೆಳಗಿದೆ.

ಹೀಗೆ ಮನೆಯಿಂದ ಮನೆಗೆ ಹೋರಾಟ ಬೆಳೆಯಿತು. ಮಾಸ್ತರರು ಮನೆ ಕೊಡಿಸಿದ ಮೇಲೂ ಬಿಟ್ಟು ಹೋಗುವುದಿಲ್ಲ ಎಂದು ಜನ ಹೊಗಳುತ್ತಾರೆ. ನಿಜ. ಆಷಾಢ ಅಶುಭ ಎನ್ನುತ್ತಾರೆ. ನನಗಂತೂ ಅದರಂಥ ತಿಂಗಳಿಲ್ಲ.

ನಾನೂ ಒಂದು ಮನೆಗೆ ಅರ್ಜಿ ಹಾಕಿದ್ದೆ. ಆದರೆ ಸಮೀಕ್ಷೆಯವರು ಹೊಸ ಮನೆಗಳ ಫೋಟೋ ತೆಗೆಯಲು ಬಂದಾಗ, ಎಲ್ಲ ಕಡೆಯೂ ಬಾಗಿಲು ತೆರೆದವನು ನಾನೇ. ಇದೇ ಮುಖ್ಯ ಅತಿಥಿಗಳು ಆ ಫೋಟೋಗಳನ್ನು ತೋರಿಸಿ, "ಎಲ್ಲಾ ಹೊಸ ಮನ್ಯಾಗೂ ನೀವ ಅದೀರಲ್ರಿ ಮಾಸ್ತರ್ರ. ಮತ್ತೊಂದ್ಯಾಕ ಬೇಕು?" ಎಂದರು. ನೀವು ನಗುತ್ತಿದ್ದೀರಿ. ಅಂದು ನಾನೂ ನಕ್ಕೆ. ಕಚೇರಿಯ ಮೆಟ್ಟಿಲಿಳಿದ ಮೇಲೆ ಅಳು ಬಂತು.

ಇರಲಿ. ಭೀಮೇಶನ ಸಂಸಾರ ಇಂದು ಮುಂಜಾನೆ ಕೊನೆಯ ಮನೆಗೆ ಹೊಕ್ಕಿತು, ಇನ್ನು ಈ ಊರಲ್ಲಿ ಮನೆಯಿಲ್ಲದವರು ಯಾರೂ ಇಲ್ಲ ಎಂದು ಅಧ್ಯಕ್ಷರು ಈಗಷ್ಟೇ ಸಾರಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ತಟ್ಟಿ, ಕುರ್ಚಿಯ ಕೆಳಗಿನ ಜಮಖಾನ ಇದೆಯೋ ಎಂದು ಕಾಲಿನಿಂದ ಮುಟ್ಟಿ ನೋಡಿಕೊಂಡೆ.

ಹೆಚ್ಚು ಹೊತ್ತು ಕೂಡ್ರಿಸುವುದಿಲ್ಲ. ಈ ಭವನದಲ್ಲಿ ಇವತ್ತೇ ಹಾಲು ಉಕ್ಕಿದೆ. ನೀವೆಲ್ಲ ಹುಗ್ಗಿ ಉಂಡು ನಿಮ್ಮ ನಿಮ್ಮ ಮನೆಗೆ ಹೋಗುತ್ತೀರಿ. ಮುಂದಿನ ಸಾಲಿನಲ್ಲಿರುವ ದುಂಡವ್ವನವರೇ, ನೀವೇ ಹೇಳಿರಿ, ಇಷ್ಟು ದೊಡ್ಡ ಹೊಸ ಕಟ್ಟಡವನ್ನು ಖಾಲಿ ಬಿಡಬಹುದೇ? ದೀಪದ ಎಣ್ಣೆ ನಾನು ತಂದಿದ್ದೇನೆ. ಸನ್ಮಾನದ ಫಲಕ ಅಧ್ಯಕ್ಷರ ಹತ್ತಿರವೇ ಇರಲಿ, ಅದನ್ನು ತೂಗುಹಾಕಲು ನನಗೆ ಗೋಡೆಯಿಲ್ಲ. ಈ ಭವನದ ಕೀಲಿಯೊಂದು ಕೊಟ್ಟರೆ ಸಾಕು.

ಶಾಲಿಗೆ, ಹುಗ್ಗಿಗೆ, ನಿಮ್ಮ ತಾಳ್ಮೆಗೆ ಧನ್ಯವಾದಗಳು. ಕೊನೆಗೆ ಹೋಗುವವರು ದಯವಿಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೋಗಿರಿ. ನಮಸ್ಕಾರ.