ಹಾಜರಿ ಪುಸ್ತಕದಾಗಿನ ಕಡೀ ಹೆಸರು

...ಸಹಿ ಮಾಡಬ್ಯಾಡ ಅಂತ ನಾ ಅನ್ನಾಕತ್ತಿಲ್ಲ ಸವಿ, ಮಾಡು, ಖರೆ ಮಾಡೂಕಿಂತ ಮೊದಲ ಈ ಅಜ್ಜಿದೊಂದು ಮಾತು ಕೇಳು. ನಾಳೆ ನಾಕೂ ಊರಿನ ಕಾಲೇಜು ಮಾಸ್ತರ ಸಂಘದವ್ರು ಕೂಡಿ ಮುಧೋಳದಾಗ ಕಾಲೇಜು ನಡಸೂ ಮಂಡಳಿಯವ್ರ ಮುಂದ ಕುಂದ್ರತೀರಿ, ಛಲೋ ಆತು, ಒಗ್ಗಟ್ಟು ಇರಬೇಕು. ಆದ್ರ ಈಗ ಫೋನಿನ್ಯಾಗ ಅಂದಿ ನೋಡು, "ಗೆಸ್ಟ್ ಲೆಕ್ಚರರ್‌ದು ಮುಂದ ನೋಡೂಣ್ರಿ, ಮೊದಲ ನಮ್ಮದು ಆಗ್ಲಿ" ಅಂತ, ಆ ಮಾತಿಗೆ ನಾ ಕುಡಿಯೂ ಚಾ ಬಿಟ್ಟು ಎದ್ದು ಬಂದೆ. ಆ ಮಾತು ನಾ ಹಿಂದ ಕೇಳೀನಿ. ಕೇಳೀನಿ ಏನು, ನಾನ ಆಡೀನಿ. ಅಲ್ಲ, ಬಾಯಿಲೆ ಆಡ್ಲಿಲ್ಲ, ಆಡೂಕಿಂತ ಕೆಟ್ಟ ಮಾಡೀನಿ. ಲೇ ಮಂಜ್ಯಾ, ಆ ಮೊಬೈಲ್ ಬಂದ್ ಮಾಡೋ, ನೀನೂ ಕೇಳು, ನಿಮ್ಮ ಅಕ್ಕಗ ಅಷ್ಟ ಹೇಳೂ ಮಾತಲ್ಲ ಇದು.

ನಾ ಆವಾಗ ಜಮಖಂಡ್ಯಾಗ ಕೆಮಿಸ್ಟ್ರಿ ಕಲಸ್ತಿದ್ದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಕೂ ಕಡೆ ಒಂದ ಮಂಡಳಿ ಕಾಲೇಜು, ಆದ್ರ ಸಂಘ ಮಾತ್ರ ಊರಿಗೊಂದು. ನಾವು ಏನರ ಕೇಳಾಕ ಹೋದ್ರ ಚೇರಮನ್ರು ಏನನ್ನಾವ್ರು ಗೊತ್ತೈತೇನು, "ಇದ್ದದ್ದಕ್ಕ ಮುಧೋಳದವ್ರು ಹೂಂ ಅಂದಾರ್ರಿ, ನಿಮಗ್ಯಾಕ ಒಲ್ಲದಾಗೇತಿ?" ನಾವು ಮುಧೋಳದವ್ರಿಗೆ ಬೈಕೋತ ಹೊಳ್ಳಿ ಬರಾವ್ರು. ಲಗ್ನದಾಗ ಅವ್ರು ಕಂಡ್ರ ಮಾರಿ ತಿರುವತಿದ್ವಿ, ಖರೇನ ಹೇಳ್ತೇನಿ. ನಿಮ್ಮವ್ವನ ಹಡದಾಗ ನನಗ ಬಾಣಂತನದ ರಜಾನೂ ಕೊಡ್ಲಿಲ್ಲ. ಕೂಸಿನ್ನ ನಮ್ಮವ್ವನ ಹತ್ರ ಬಿಟ್ಟು ಕ್ಲಾಸಿಗೆ ಹೋಗ್ತಿದ್ದೆ, ಪಾಠ ಮಾಡೂ ಮುಂದ ಎದಿಹಾಲು ಇಳದು ಕುಪ್ಪಸ ತೊಯ್ತಿತ್ತು, ಸೆರಗು ಹೊಚ್ಚಿಕೊಂಡು ಬೋರ್ಡ್ ಕಡೆ ತಿರುಗಿ ನಿಂದರತಿದ್ದೆ. ಇದು ಯಾಕ ಹೇಳಿದ್ನೆಂದ್ರ, ನನಗೂ ಆ ರಜಾದ್ದೊಂದು ಆಸೆ ಇತ್ತು ಅನ್ನೂದು ನಿಮಗ ತಿಳಿಬೇಕು, ನಾ ಏನು ಸುಮ್ನ ಜಾರಿದಾಕಿ ಅಲ್ಲ.

ಇನ್ನ ಬೀರಪ್ಪ. ಸಾವಳಗಿಯಾಂವ, ಕುರಿ ಕಾಯೂ ಮನತನ, ಆ ಮನ್ಯಾಗ ಮೊದಲ ಎಂ.ಎ. ಮಾಡಿದಾಂವ ಅಂವನ. ಇತಿಹಾಸ ಕಲಸ್ತಿದ್ದ. ಈಗ ನೀವು ಗೆಸ್ಟ್ ಅಂತೀರಿ, ಆವಾಗ ಪಾರ್ಟ್‌ಟೈಮ್ ಅಂತಿದ್ವಿ, ಪರೀಕ್ಷಾ ಮುಗಿದ ಕೂಡ್ಲೆ ಬಿಡಿಸಿ ಕಳಸೂದು, ಜೂನಿನ್ಯಾಗ ಮನಸಾದ್ರ ಕರಿಯೂದು. ಮುಂಜಾನಿ ನಮ್ಮಲ್ಲಿ ಪಾಠ ಮಾಡಿ, ಮಧ್ಯಾಹ್ನ ಬಸ್ಸಿಗೆ ಬನಹಟ್ಟಿಗೆ ಹೋಗಾಂವ, ವಾರದಾಗ ಎರಡು ದಿವಸ ಮುಧೋಳ. ಒಂದಿನ ಸ್ಟಾಫ್ ರೂಮಿನ್ಯಾಗ ನನ್ನ ಹತ್ರ ಬಂದು ಸಣ್ಣ ದನಿಲೆ ಅಂದ, "ಮೇಡಂ, ಇಲ್ಲಿ ನಿಮಗ ಮುಧೋಳದವ್ರು ಒಪ್ಪ್ಯಾರ ಅಂತ ಹೇಳ್ಯಾರ್ರಿ. ಅಲ್ಲಿ ಅವ್ರಿಗೆ ನೀವು ಒಪ್ಪೀರಿ ಅಂತ ಹೇಳ್ಯಾರ್ರಿ. ನಾ ಎರಡೂ ಕಡೆ ಚಾ ಕುಡಿಯಾಂವ, ಎರಡೂ ಕೇಳೀನ್ರಿ." ನಮಗ ಅಷ್ಟು ವರ್ಷ ಗೊತ್ತಾಗದ ಸುಳ್ಳು ಅಂವ ಬಸ್ಸಿನ್ಯಾಗ ಅಡ್ಡಾಡಿ ಹಿಡದಿದ್ದ. ನಾ ನೇಕಾರ ಮನಿ ಮಗಳು, ನಮ್ಮವ್ವ ಮಗ್ಗದಾಗ ಮುಗಿಯಾಕ ಬಂದ ಹಾಸಿನ ನೂಲಿಗೆ ಹೊಸಾ ಹಾಸಿನ ನೂಲು ಒಂದೊಂದ ಎಳಿ ಬೆರಳಿಲೆ ತಿರುವಿ ಕೂಡಸ್ತಿದ್ದಳು, ಕೆಚ್ಚೂದು ಅಂತಿದ್ವಿ ಅದಕ್ಕ. ಬೀರಪ್ಪ ಹಂಗ ನಾಕೂ ಊರು ಕೆಚ್ಚಿದ. ಆದ್ರ ಸಂಘದಾಗ ಅವನ ಹೆಸರ ಇರ್ಲಿಲ್ಲ ಬೇ, ಪಾರ್ಟ್‌ಟೈಮ್‌ದವ್ರನ್ನ ನಾವು ಸದಸ್ಯರು ಅಂತ ತಗೋತಿರ್ಲಿಲ್ಲ.

ಒಂದು ಐತವಾರ ಬನಹಟ್ಟ್ಯಾಗ ನಮ್ಮಣ್ಣನ ಮಗ್ಗದ ಮನ್ಯಾಗ ಎಲ್ಲಾರೂ ಕೂಡಿದ್ವಿ, ಪಾವರ್‌ಲೂಮ್ ಬಂದ್ ಮಾಡಿಸಿ. ಕಾಯಂ ಇದ್ದಾವ್ರು, ಪಾರ್ಟ್‌ಟೈಮ್‌ದವ್ರು, ಎಲ್ಲಾ ಒಂದ ಪಂಕ್ತ್ಯಾಗ ಉಂಡ್ವಿ. ಬೀರಪ್ಪ ಎಲ್ಲಾರಿಗೂ ನೀಡಿ ಕಡೀಕ ಕುಂತ, ಅಂವ ಕುಂದ್ರೂತನಾ ಯಾರೂ ತುತ್ತು ಎತ್ತಲಿಲ್ಲ. ಉಂಡ ಮ್ಯಾಲ ಅಂವ ಕಿಸೆದಾಗಿಂದ ಬೀರೇಶ್ವರನ ಭಂಡಾರದ, ದೇವರ ಅರಿಷಿಣದ, ಪುಡಿಕಿ ತಗದು ಎಲ್ಲಾರ ಹಣಿಗೂ ಹಚ್ಚಿದ. ಒಬ್ಬರನ್ನ ಬಿಟ್ಟು ಒಬ್ಬರು ಸಹಿ ಮಾಡಾಂಗಿಲ್ಲ ಅಂತ ಭಂಡಾರ ಮುಟ್ಟಿ ಆಣಿ ಮಾಡಿದ್ವಿ, ಪಾರ್ಟ್‌ಟೈಮ್‌ದವ್ರನ್ನ ವರ್ಷಾ ವರ್ಷಾ ಬಿಡಿಸಬಾರದು ಅನ್ನೂದೂ ಬೇಡಿಕ್ಯಾಗ ಬರದ್ವಿ. ನಾ ಕಾರ್ಯದರ್ಶಿ. ನಾ ಏನು ಮಾಡಿದೆ ಗೊತ್ತೈತೇನು, ಪುಸ್ತಕ ತಗದು ಹಾಜರಿ ಕರದೆ. ಮಾಸ್ತರ್ಕಿ ಚಾಳಿ, ನಾಕು ಮಂದಿ ಕುಂತದ್ದು ಕಂಡ್ರ ಹಾಜರಿ ಹಾಕಬೇಕು ನಮಗ. ಬೀರಪ್ಪ ಅಂದ, "ಮೇಡಂ, ನಮ್ಮಂಥಾವ್ರ ಹೆಸರು ಬರೀಬ್ಯಾಡ್ರಿ." ನಾ ನಕ್ಕು, "ಹಾಜರಿ ಇಲ್ಲದ ಕ್ಲಾಸ್ ಇರ್ತೈತೇನೋ ಬೀರಪ್ಪ" ಅಂದೆ. ಕಡೀ ಹೆಸರು ಅವಂದು, ಕರದೆ, ಅಂವ ಎದ್ದು ನಿಂತು ಹುಡುಗರಂಗ "ಹಾಜರ್ ರೀ" ಅಂದ, ಎಲ್ಲಾರೂ ನಕ್ಕರು. ಅವನ ಬೆರಳಿಂದು ಭಂಡಾರ ಆ ಹಾಳಿಮ್ಯಾಲ ಉದರಿತ್ತು.

ಮಾತುಕತಿ ದಿವಸ ಊರಿಗಿಬ್ಬರಂಗ ಒಳಗ ಹೋದ್ವಿ. ಬೀರಪ್ಪ ಸದಸ್ಯ ಅಲ್ಲಲ್ಲ, ಬಾಗಲ ಹೊರಗ ನಿಂತ. ಚೇರಮನ್ರು ಭಾಳ ಮೆತ್ತಗ ಮಾತಾಡೂ ಮನಶ್ಯಾ. "ನಾಕೂ ಊರು ಕೂಡ್ಯಾವಂತ, ಸಂತೋಷ ಆತ್ರಿ. ಯಾರ್ಯಾರ ಅದೀರಿ ನೋಡೂಣ್ರಿ" ಅಂದ್ರು. ನಾ ಏನು ಹುಚ್ಚಿ ನೋಡು, ಎಷ್ಟು ಮಂದಿ ಅದೀವಿ ತಿಳೀಲಿ ಅಂತ ಹೆಮ್ಮಿಲೆ ಹಾಜರಿ ಪುಸ್ತಕ ಅವ್ರ ಕೈಯಾಗ ಕೊಟ್ಟೆ. ಹೆಸರಿನ ಮ್ಯಾಲ ಬೆರಳಾಡಿಸಿಕೋತ ಬಂದು ಕಡೀಕ ನಿಂತ್ರು. "ಈ ಬೀರಪ್ಪ, ಮತ್ತ ಇವನಂಗ ಪಾರ್ಟ್‌ಟೈಮ್ ಇದ್ದಾವ್ರು, ನಿಮ್ಮ ಸಂಘದ ಸದಸ್ಯರೇನ್ರಿ ಮೇಡಂ?" ನಾ ಬಾಗಲ ಕಡೆ ನೋಡಿದೆ. "ಹೌದೋ ಅಲ್ಲೋ ಅಷ್ಟ ಹೇಳ್ರಿ. ಅಲ್ಲಾಂದ್ರ ಅವ್ರ ಬೇಡಿಕಿ ತಗೀರಿ, ಉಳದದ್ದೆಲ್ಲಾ ಇವತ್ತ ಆಗ್ತೈತಿ, ಬಾಣಂತನದ ರಜಾ ಸುದ್ದಾ." ಮುಧೋಳದ ಸರ್ ನೆಲಾ ನೋಡಾಕತ್ತಿದ್ರು, ಬೀಳಗಿಯವ್ರು ಚಸ್ಮಾ ಒರಸಾಕತ್ತಿದ್ರು. ಯಾರೂ ನನ್ನ ಮಾರಿ ನೋಡ್ಲಿಲ್ಲ. ನಾ ಅಂದೆ, "ಸದಸ್ಯರಲ್ರಿ." ಖರೇನ ಅಂದೆ. ಅಷ್ಟು ಖರೆ ನಾ ಜನ್ಮದಾಗ ಎಂದೂ ಹೇಳಿದ್ದಿಲ್ಲ, ಅದಕ್ಕಿಂತ ದೊಡ್ಡ ಪಾಪಾನೂ ಮಾಡಿದ್ದಿಲ್ಲ. ಪೆನ್ನು ಕೈಯಿಂದ ಕೈಗೆ ಹೋತು, ಎಲ್ಲಾರೂ ಸಹಿ ಮಾಡಿದ್ವಿ.

ಹೊರಗ ಬಂದ್ವಿ, ಬೀರಪ್ಪ ಓಡಿ ಬಂದ. "ಆತೇನ್ರೀ ಮೇಡಂ?" ನಾ ಅಂದೆ, "ಆತು." ಅಷ್ಟ ಅಂದೆ. ಅವಂದು ಬಿಟ್ಟು ಸಹಿ ಮಾಡಿದ್ವಿ ಅಂತ ಹೇಳ್ಲಿಲ್ಲ. ಅಂವ ಎರಡೂ ಕೈ ಜೋಡಿಸಿದ, "ಬನಹಟ್ಟ್ಯಾಗ ನಮ್ಮವ್ರು ಕಾಯಾಕತ್ತಾರ್ರಿ, ಹೇಳಿ ಬರ್ತೇನಿ" ಅಂತ ಬಸ್‌ಸ್ಟ್ಯಾಂಡಿಗೆ ಓಡಿದ. ಮಂಡಳಿಯವ್ರ ಸುಳ್ಳು ಹಿಡದಾಂವ, ನನ್ನ ಸುಳ್ಳು ಹೊತ್ಕೊಂಡು ಅದ ಬಸ್ಸಿಗೆ ಹತ್ತಿದ. ನಾ ಕರೀಬೇಕಿತ್ತು. "ಬೀರಪ್ಪ, ನಿಂದ್ರು" ಅಂತ ಒಂದು ಕೂಗು ಹಾಕಬೇಕಿತ್ತು. ಈಗೂ ಎಷ್ಟೋ ಸಲ ಹಾಲು ಕಾಸೂ ಮುಂದ, ಜ್ವಾಳಾ ಹಸನ ಮಾಡೂ ಮುಂದ, ಮನಸಿನ್ಯಾಗ ಕೂಗ್ತೇನಿ. ಬಸ್ಸು ನಿಂದ್ರಾಂಗಿಲ್ಲ.

ಜೂನ್ ಬಂತು, ಆ ಪುಸ್ತಕದಾಗಿದ್ದ ಪಾರ್ಟ್‌ಟೈಮ್‌ದವ್ರು ಒಬ್ಬರಿಗೂ ಕರಿ ಬರ್ಲಿಲ್ಲ. ಆಫೀಸಿನವ್ರು ಅವತ್ತ ಹೆಸರು ಇಳಿಸಿಕೊಂಡಿದ್ರು, ಹುಡುಕೂ ತ್ರಾಸ ಸುದ್ದಾ ಇರ್ಲಿಲ್ಲ ಅವ್ರಿಗೆ, ನನ್ನ ಅಕ್ಷರ ಭಾಳ ದುಂಡಗ. ಆ ಮ್ಯಾಲ ನನಗೊಂದು ರೂಢಿ ಬಿತ್ತು. ಕ್ಲಾಸಿನ್ಯಾಗ ಕಡೀ ನಂಬರ್ ಕರದ ಮ್ಯಾಲೂ ಪೆನ್ನು ಎತ್ತದ ಕುಂದರತಿದ್ದೆ, ಇನ್ನೊಂದು ದನಿ ಬರ್ತೈತಿ ಅಂತ. ಹುಡುಗರು, "ಮುಗೀತ್ರೀ ಮೇಡಂ" ಅನ್ನಾವ್ರು. ರಿಟೈರ್ ಆಗೂತನಾ ಹಂಗ ಇತ್ತು. ಒಮ್ಮೆ ಬೀರಪ್ಪ ಮನಿ ಮುಂದಿನ ಇದ ಕಟ್ಟಿಮ್ಯಾಲ ಬಂದು ಕುಂತಿದ್ದ, ಮಗಳ ತಲಿಗೂದಲ ಜಾವಳಕ್ಕ ಕರಿಯಾಕ. ಸಾವಳಗ್ಯಾಗ ಟ್ಯೂಶನ್ ಹೇಳ್ತೇನ್ರಿ ಅಂದ. ಚಾ ಕುಡದ. ಈಗ ಕೇಳ್ತಾನ, ಈಗ ಕೇಳ್ತಾನ ಅಂತ ನಾ ಕಾದೆ. ಕೇಳ್ಲಿಲ್ಲ ಬೇ. ಬೈದಿದ್ರ ನಾ ಅತ್ತು ಹಗುರಾಗ್ತಿದ್ದೆ, ಅಂವ ಬೈಲಿಲ್ಲ, ಬರ್ತೇನ್ರೀ ಮೇಡಂ ಅಂದು ಹೋದ. ಜಾವಳಕ್ಕ ನಾ ಹೋಗ್ಲಿಲ್ಲ, ಯಾವ ಮಾರಿ ಇಟ್ಕೊಂಡು ಹೋಗ್ಲಿ. ಆ ಪುಸ್ತಕ ಟ್ರಂಕಿನ್ಯಾಗ ಐತಿ, ಹಾಳಿಮ್ಯಾಲ ಅರಿಷಿಣ ಇನ್ನೂ ಹೋಗಿಲ್ಲ.

ನಿಮ್ಮ ಕಾಲೇಜಿನ್ಯಾಗೂ ಒಬ್ಬಾಕಿ ಗೆಸ್ಟ್ ಅದಾಳಂದಿ, ಮೂರು ಊರು ಅಡ್ಡಾಡಿ ಎಲ್ಲಾರನ್ನೂ ಕೂಡಿಸಿದಾಕಿ. ನಾಳೆ ಅಕಿನ್ನ ಬಾಗಲಾಗ ನಿಂದ್ರಸಬ್ಯಾಡ ನಮ್ಮವ್ವಾ, ಕೈ ಹಿಡದು ಒಳಗ ಕರಕೊಂಡು ಹೋಗಿ ನಿನ್ನ ಮಗ್ಗಲಕ್ಕ ಕುಂದ್ರಿಸಿಕೋ, ಅಕಿ ಸದಸ್ಯ ಏನು ಅಂತ ಕೇಳಿದ್ರ ಹೌದು ಅನ್ನು. ಪಂಕ್ತ್ಯಾಗ ಕಡೀ ಎಲಿಗೆ ಅನ್ನ ಬೀಳೂತನಾ ಮೊದಲ್ನೇ ಎಲಿಗೆ ಕುಂತಾವ್ರು ತುತ್ತು ಎತ್ತಬಾರದು, ಎತ್ತಿದ್ರ ಅದು ಗಂಟಲದಾಗ ನಿಂದರತೈತಿ. ನಂದು ಇನ್ನೂ ಇಳದಿಲ್ಲ.