ಬೊಗಸೆ ಹಿಡಿದು ಆರಿಸಿದ ಕೆಟಲ್

ಬೀದರ ಬಸ್ ನಿಲ್ದಾಣದಲ್ಲಿ ನಾನು ಭಾಲ್ಕಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ತೊಡೆಯ ಮೇಲೆ ಹೊಸ ಸ್ಟೀಲ್ ಕೆಟಲ್ ಇಟ್ಟುಕೊಂಡಿದ್ದರು. ಅದರ ಮೂತಿ ಕೊಕ್ಕರೆಯ ಕತ್ತಿನಂತೆ ಸಪೂರವಾಗಿ ಬಾಗಿತ್ತು. ಜೊತೆಗಿದ್ದ ಹೆಂಗಸು ಕೇಳಿದಳು:

"ಕೌಸಲ್ಯಾಬಾಯಿ, ಇದೇನ್ರಿ, ಗಿಡಕ್ಕ ನೀರು ಹಾಕೋದಾ?"

"ಕಾಫಿಗಿ. ನಮ್ಮ ಮೊಮ್ಮಗಳು ಮನಿಷಾ ಔರಾದದಾಗ ಕಾಫಿ ಅಂಗಡಿ ಹಾಕ್ಯಾಳಲ್ಲ, ಅಕಿಗಿ."

"ಚಾದ ಕೆಟಲ್ ಇದ್ದೇ ಇತ್ತಲ್ರಿ?"

"ಅದರ ಮೂತಿ ದಪ್ಪ ಅದ ಸಖು. ಬಿಸಿನೀರು ಒಮ್ಮೆಲೆ ಬಿದ್ದು ಸೋಸೋ ಕಾಫಿಪುಡಿಯಾಗ ಕುಣಿ ಬೀಳ್ತದ, ಕಾಫಿ ಸಪ್ಪಗಾಗ್ತದ. ಸಣ್ಣ ಧಾರಿ ಬೇಕು, ಸುತ್ತ ತಿರುವಿ ಹಾಕಬೇಕು."

"ಯಾವದು ಚಲೋ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

"ಅಂಗಡ್ಯಾಂವಗ ನೀರು ತುಂಬು ಅಂದೆ. ನಾ ಬೊಗಸಿ ಹಿಡದೆ, ಹಾಕು ಅಂದೆ. ಮೂರು ಕೆಟಲಿನ ನೀರು ಸಿಡೀತು. ಇದು ಒಂದು ಹನಿ ಹೊರಗ ಚೆಲ್ಲಲಿಲ್ಲ."

"ಅಂವ ನಕ್ಕಿರಬೇಕು."

"ನಗಲಿ. ನಾ ಸಣ್ಣಾಕಿದ್ದಾಗ ಔರಾದದಾಗ ಒಂದು ಹೊಟೇಲ್ ಹೊರಗ ನಿಂತು ಹಿಂಗೇ ಬೊಗಸಿಲೇ ನೀರು ಕುಡದೀನಿ. ನಮಗ ಲೋಟಾ ಮುಟ್ಟಗೊಡತಿರಲಿಲ್ಲ. ಮ್ಯಾಲಿಂದ ಸುರೀತಿದ್ರು, ಅರ್ಧ ನೀರು ಲಂಗದ ಮ್ಯಾಲ ಬೀಳತಿತ್ತು. ಧಾರಿ ಹ್ಯಾಂಗ ಬೀಳಬೇಕಂತ ನನಗ ಯಾರು ಹೇಳಬೇಕು?"

ಸಖು ಕೆಟಲಿನ ಮೂತಿಯ ಮೇಲೆ ಬೆರಳಾಡಿಸಿದಳು.

"ಮನಿಷಾನ ಕಾಫಿಗಿ ಗಿರಾಕಿ ಬರ್ತಾರೇನ್ರಿ?"

"ಆ ಹೊಟೇಲಿನವರ ಮೊಮ್ಮಗ ದಿನಾ ಮುಂಜಾನಿ ಬರ್ತಾನ. ಅಕಿ ಒಳಗ ಕೂಡಸ್ತಾಳ. ಕಪ್ಪು ಅಂವನ ಕೈಯಾಗ ಇಡ್ತಾಳ."

ಔರಾದ ಬಸ್ಸು ಬಂತು. ಸಖು ಚೀಲಗಳನ್ನೆಲ್ಲ ಎತ್ತಿಕೊಂಡಳು. ಕೌಸಲ್ಯಾಬಾಯಿ ಕೆಟಲ್ಲೊಂದನ್ನೇ ಎಲ್ಲರಿಗೂ ಕಾಣುವಂತೆ ಹಿಡಿದು ಬಸ್ಸು ಹತ್ತಿದರು.