ಮೊದಲು ಒಳ್ಳೆ ಕಾಲು

...ನೋಡು, ಮತ್ತೆ ಕಿವಿಯೋಲೆ ತಿರುಗಿಸ್ತಿದ್ದೀಯ. ಸಿಟ್ಟು ಬಂದರೂ ಅದೇ, ನೋವಾದರೂ ಅದೇ, ಬಾಯಿ ಮಾತ್ರ ತೆಗೆಯಲ್ಲ. ಮದುವೆಯಾಗಿ ಬಂದ ದಿನದಿಂದ ನೋಡ್ತಿದ್ದೀನಿ, ಇರೋಳು ಒಬ್ಬಳೇ ನಾದಿನಿ ಅಂತ ಸಹಿಸ್ಕೊಂಡಿದ್ದೀನಿ. ಕೈ ಇಳಿಸು. ಊರುಗೋಲು ಗೋಡೆಗೆ ಒರಗಿಸಿ ಟೇಬಲ್ ಮೇಲೆ ಮಲಗು. ನಾಲ್ಕು ಗಂಟೆಗೆ ಕ್ಲಬ್ ಕಮಿಟಿಯವರು ವಿಚಾರಣೆಗೆ ಇಬ್ಬರನ್ನೂ ಕರೀತಾರೆ. ಅದಕ್ಕೆ ಮುಂಚೆ ನಾನೊಂದು ಸಲ ನೋಡಬೇಕು.

ಬೇರೆ ಡಾಕ್ಟರ ಹತ್ತಿರ ಹೋಗೋಕೆ ಮುಂಚೆ ಒಂದು ಮಾತು ಹೇಳಬಾರದಿತ್ತಾ? ಈ ನಿನ್ನ ಅತ್ತಿಗೆ ಇದೇ ಕ್ಲಬ್ಬಿನ ಫಿಸಿಯೋ, ಹತ್ತು ವರ್ಷದಿಂದ ಇದೇ ರೂಮಲ್ಲಿ ಕಾಲು ಹಿಡೀತಿದ್ದಾಳೆ... ಮರೆತೇ ಹೋಯ್ತಾ? ಸ್ಕ್ಯಾನ್ ಫಿಲ್ಮ್ ತಂದು ನನ್ನ ಮೇಜಿನ ಮೇಲೆ ಎಸೆದುಬಿಟ್ಟೆ. ಮಂಡಿಯೊಳಗಿನ ಲಿಗಮೆಂಟ್ ಪೂರ್ತಿ ಹರಿದಿದೆ, ಅದರ ಪಕ್ಕದ ಮೆತ್ತೆ ಸೀಳಿದೆ, ಆಪರೇಷನ್ ಆಗಬೇಕು. ಅಷ್ಟು ಓದೋದಕ್ಕೆ ನನಗೂ ಬರುತ್ತೆ.

ಯಾಕೆ ನಗ್ತೀಯ?

ಸೆಮಿಫೈನಲ್‌ನಲ್ಲಿ ವಾಲಿಬಾಲ್ ನೆಟ್ ಹತ್ತಿರ ಹಾರಿ, ಬೇರೆಯವಳ ಪಾದದ ಮೇಲೆ ಇಳಿದವಳು ನೀನು. ನಾನೇನು ತಳ್ಳಲಿಲ್ಲ. ಅವತ್ತೇ ಇಲ್ಲಿ ಮಲಗಿಸಿ ನೋಡಿದೆ. ಕಣಕಾಲಿನ ಎರಡೂ ಕಡೆ ಮೂಳೆ ಒತ್ತಿ ನೋಡಿದೆ, ನಾಲ್ಕು ಹೆಜ್ಜೆ ನಡೆಸಿದೆ. ಮೂಳೆ ಮುರಿದಿರಲಿಲ್ಲ. ಕಣಕಾಲು ಉಳುಕಿದೆ ಅಂತ ಬರೆದು ಟೇಪು ಸುತ್ತಿದೆ, ಎರಡು ದಿನ ಬಿಟ್ಟು ಫೈನಲ್ ಆಡಬಹುದು ಅಂತ ಸಹಿ ಹಾಕಿದೆ. ಅದರಲ್ಲೇನು ತಪ್ಪು?

ಮಂಡಿ... ಮಂಡಿ ವಿಷಯ ನೀನು ಹೇಳಲೇ ಇಲ್ಲ.

ಹಾಗೆ ದುರುಗುಟ್ಟಬೇಡ. ಸರಿ, ಮಂಡಿಯಲ್ಲಿ ಟಪ್ ಅಂತ ಸದ್ದು ಬಂತು ಅಂತ ನೀನು ಅಂದೆ. ಎರಡೇ ಗಂಟೇಲಿ ಊದಿಕೊಂಡಿತು ಅಂತಾನೂ ಅಂದೆ. ಅಷ್ಟು ಬೇಗ ಊದಿದರೆ ಒಳಗೆ ರಕ್ತ ತುಂಬಿದೆ ಅಂತ ಈ ಕೆಲಸ ಕಲಿಯೋಕೆ ಬಂದ ಮೊದಲ ವರ್ಷದವರಿಗೂ ಗೊತ್ತು. ನನಗೆ ಗೊತ್ತಿರಲ್ವಾ? ಅದಕ್ಕೇ ಮಂಡೀನೂ ನೋಡಿದ್ದು.

ಯಾವಾಗಲೂ ಮೊದಲು ಒಳ್ಳೆ ಕಾಲು. ಹೀಗೆ, ಒಂದು ಕೈ ತೊಡೆ ಮೇಲೆ, ಇನ್ನೊಂದು ಮಂಡಿ ಕೆಳಗೆ. ಕೆಳಗಿನ ಮೂಳೆ ಮುಂದಕ್ಕೆ ಎಳೆದರೆ ಹಗ್ಗ ಬಿಗಿದ ಹಾಗೆ ಗಕ್ಕನೆ ನಿಲ್ಲಬೇಕು. ಎಡಗಾಲು ನಿಲ್ತು. ಈಗಲೂ ನಿಲ್ತಿದೆ, ನೋಡು. ಬಲಗಾಲಿಗೆ ಬಂದಾಗ ನೀನು ನೋವಿಗೆ ತೊಡೆ ಬಿಗಿ ಹಿಡಿದುಬಿಟ್ಟೆ. ತೊಡೆ ಬಿಗಿ ಹಿಡಿದರೆ ಹರಿದ ಮಂಡೀನೂ ಗಟ್ಟಿ ಅನಿಸುತ್ತೆ, ಯಾರ ಕೈಗೂ ಗೊತ್ತಾಗಲ್ಲ. ಕಮಿಟಿ ಮುಂದೆ ಅದನ್ನೇ ಹೇಳ್ತೀನಿ. ತಪ್ಪು ನಿನ್ನದು, ನನ್ನದಲ್ಲ...

ಏನು ಮಾಡ್ತಿದ್ದೀಯ?

ಯಾಕೆ ತೊಡೆ ಹೀಗೆ ಸಡಿಲ ಬಿಟ್ಟೆ? ಬಿಗಿ ಹಿಡಿ. ಇಷ್ಟು ಊದಿರೋ ಕಾಲನ್ನ ಯಾರೂ ಹೀಗೆ... ಒದ್ದೆ ಬಟ್ಟೆ ಹಾಗೆ ಇನ್ನೊಬ್ಬರ ಕೈಗೆ ಕೊಡಲ್ಲ. ಬಿಗಿ ಹಿಡಿ ಅಂದೆ.

ಬೈಯೋದಿದ್ದರೆ ಬೈದುಬಿಡು.

...ಅವತ್ತೂ ಹೀಗೇ ಬಿಟ್ಟಿದ್ದೆ. ‘ಅತ್ತಿಗೆ, ನೀವೇ ನೋಡಿ’ ಅಂತ ಕಣ್ಣು ಮುಚ್ಚಿಕೊಂಡೆ. ಅಷ್ಟು ನಂಬು ಅಂತ ನಿನಗೆ ಯಾರು ಹೇಳಿದ್ದರು?

ಅವತ್ತು ಬಲಗಾಲು ನಿಲ್ಲಲಿಲ್ಲ. ಎಳೆದಷ್ಟೂ ಬಂತು ನಿನ್ನ ಮೂಳೆ. ಎರಡು ಸಲ ಎಳೆದೆ. ಫೈನಲ್ ಗೆದ್ದರೆ ದೇಶದ ತಂಡಕ್ಕೆ ಫಿಸಿಯೋ ಆಗಿ ನನ್ನ ಹೆಸರು ಕಳಿಸ್ತೀನಿ ಅಂದಿದ್ದರು ಕೋಚ್, ನೀನಿಲ್ಲದೆ ಗೆಲ್ಲೋ ಹಾಗಿರಲಿಲ್ಲ. ಕಣಕಾಲು ಅಂತ ಬರೆದೆ. ಒಂದೇ ಮ್ಯಾಚು, ಟೇಪು ತಡೆಯುತ್ತೆ ಅಂದ್ಕೊಂಡೆ. ಫೈನಲ್‌ನಲ್ಲಿ ನೀನು ಬಿದ್ದಾಗ ಮೊದಲು ಎದ್ದು ನಿಂತವಳು ನಾನೇ... ನಿನ್ನ ಮೇಲಿನ ಅಕ್ಕರೆಗೋ, ನನ್ನ ಭಯಕ್ಕೋ, ಈಗ ಹೇಳಲಾರೆ.

ಬಾಗಿಲು ತಟ್ಟಿದರು. ಬಂದ್ವಿ, ಎರಡು ನಿಮಿಷ!

ಕೇಳು. ನಿಮ್ಮಣ್ಣನಿಗೂ ಗೊತ್ತಿಲ್ಲ ಇದು. ಒಳಗೆ ಅವರು ಕೇಳಿದಾಗ ತೊಡೆ ಬಿಗಿ ಹಿಡಿದಿದ್ದೆ ಅನ್ನು. ಅಷ್ಟು ಸಾಕು, ಉಳಿದದ್ದು ನಾನು ನೋಡ್ಕೊಳ್ತೀನಿ. ಅಷ್ಟು ಹೇಳ್ತೀಯ?

ಏಳಬೇಡ ಇನ್ನೂ. ಹೇಳ್ತೀಯ ತಾನೇ?